ವೈರ್ ತುಂಡಾದ್ರೆ ಯಾವ ಬಣ್ಣ?

ಸಂಪಾದಕರಿಗೆ ನಮಸ್ಕಾರ,

ಎರಡು ವಾರದ ಹಿಂದೆ ನಿಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ಶಾಲೆ ಮಕ್ಕಳ ವಿಜ್ಞಾನ ವಸ್ತು ಪ್ರದರ್ಶನದ ಫೋಟೋ ಬಂದಿತ್ತಲ್ಲ, ಥರ್ಮೋಕೋಲ್ ಗುಡ್ಡ, ಅದರೊಳಗಿಂದ ಹೊರಗೆ ಬರ್ತಾ ಇರೋ ಆಟದ ರೈಲು, ಪಕ್ಕದಲ್ಲಿ ಕೆಂಪು ಹಸಿರು ಲೈಟಿನ ಎರಡು ಕಂಬ, ಕೆಳಗೆ ‘ಮಿನುಗುವ ಸಿಗ್ನಲ್ ಇರುವ ರೈಲ್ವೆ ಮಾದರಿ’ ಅಂತ ಬರೆದಿದ್ರಿ. ಫೋಟೋ ಚೆಂದ ಬಂದಿತ್ತು. ಆದ್ರೆ ಆ ‘ಮಿನುಗುವ’ ಅನ್ನೋ ಶಬ್ದ ನಂಗೆ ಎರಡು ದಿನ ನಿದ್ದೆ ಕೊಡ್ಲಿಲ್ಲ, ಅದಕ್ಕೇ ಈ ಪತ್ರ. ಉದ್ದ ಆದ್ರೆ ನೀವೇ ಕತ್ತರಿ ಹಾಕಿ, ಬೇಜಾರಿಲ್ಲ, ಆದ್ರೆ ಮೊಳೆ ವಿಷಯ ಒಂದು ಮುಂದೆ ಬರ್ತದೆ, ಅದನ್ನ ಮಾತ್ರ ಬಿಡ್ಬೇಡಿ.

ಆ ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ಮಾಡಿದ ಹುಡುಗ ಅಲ್ಲೇ ನಿಂತಿದ್ದ. ಸಿಗ್ನಲ್ ಹೇಗೆ ಬದಲಾಗ್ತದೋ ಅಂತ ಕೇಳ್ದೆ. ‘555 ಐಸಿ ಅಜ್ಜ, ಸ್ವಲ್ಪ ಹೊತ್ತು ಕೆಂಪು ಸ್ವಲ್ಪ ಹೊತ್ತು ಹಸಿರು’ ಅಂದ. (555 ಅಂದ್ರೆ ಹೊತ್ತು ಲೆಕ್ಕ ಹಾಕಿ ತಾನೇ ಆನ್ ಆಫ್ ಮಾಡೋ ಪುಟ್ಟ ಚಿಪ್.) ರೈಲಿಗೂ ಅದಕ್ಕೂ ಏನು ಸಂಬಂಧ ಅಂದ್ರೆ, ಒಂದು ಕ್ಷಣ ರೈಲನ್ನೇ ನೋಡಿ, ‘ಎಂತದೂ ಇಲ್ಲ’ ಅಂದ. ಸುಳ್ಳು ಹೇಳ್ಲಿಲ್ಲ ನೋಡಿ, ಅದು ಇಷ್ಟ ಆಯ್ತು. ಅವನಿಗೆ ಬಹುಮಾನ ಬಂದದ್ದೂ ಸಂತೋಷವೇ. ಆದ್ರೆ ಬಹುಮಾನ ಕೊಟ್ಟ ದೊಡ್ಡವ್ರು ಒಬ್ರೂ ಆ ಪ್ರಶ್ನೆ ಕೇಳ್ಲಿಲ್ವಂತೆ. ನಮ್ಮ ಜಿಲ್ಲೆಯಲ್ಲಿ ಅಸ್ನೋಟಿಯಿಂದ ಭಟ್ಕಳದವರೆಗೆ ಒಂದೇ ಹಳಿ ಮೇಲೆ ಆ ಕಡೆ ಗಾಡಿನೂ ಈ ಕಡೆ ಗಾಡಿನೂ ಓಡ್ತಾ ಇರೋದು, 1998ರ ಜನವರಿ 26ಕ್ಕೆ ಕೊಂಕಣ ರೈಲ್ವೆ ಲೈನ್ ಪೂರ್ತಿ ಓಪನ್ ಆದಾಗಿಂದ ಹಾಗೇ ಇದೆ, ಒಂದು ಗಾಡಿ ಸ್ಟೇಷನ್ನಿನ ಲೂಪ್ ಲೈನಲ್ಲಿ ಕಾದು ನಿಂತ್ರೆ ಮಾತ್ರ ಇನ್ನೊಂದಕ್ಕೆ ದಾರಿ. ಇಂಥ ಜಾಗದ ಮಕ್ಕಳಿಗೆ ಸಿಗ್ನಲ್ ಅಂದ್ರೆ ಚೌತಿ ಮಂಟಪದ ಸೀರಿಯಲ್ ಸೆಟ್ ಅನ್ನೋ ಹಾಗೆ ಆಗ್ಬಾರ್ದು. ನಮ್ಮ ಲೈನಲ್ಲಿ ಸ್ಟೇಷನ್ ಸಿಗ್ನಲ್ ಮಿನುಗೋದಿಲ್ಲ ಸಾರ್, ನಿಂತು ಉರೀತದೆ. ಮಿನುಗೋದು ಗಾಡಿಯ ಕಡೇ ಡಬ್ಬಿ ಹಿಂದಿರೋ ಕೆಂಪು ದೀಪ.

ನಾನು ಕುಮಟಾದವ. ಮೂವತ್ತು ವರ್ಷ ರೇಡಿಯೋ ಟಿವಿ ರಿಪೇರಿ ಅಂಗಡಿ ಇಟ್ಟಿದ್ದೆ, ಜನ ಟಿವಿ ಹಾಳಾದ್ರೆ ರಿಪೇರಿ ಬಿಟ್ಟು ಹೊಸದೇ ತರೂಕೆ ಶುರು ಮಾಡಿದ ಮೇಲೆ ಬಾಗಿಲು ಹಾಕ್ದೆ. ಈಗ ಮನೆ ಅಟ್ಟದ ಮೇಲೆ ಎಂಟಡಿ ನಾಲ್ಕಡಿ ಪ್ಲೈವುಡ್ಡಿನ ಮೇಲೆ ಒಂದು ರೈಲ್ವೆ ಲೇಔಟ್ ಮಾಡ್ಕೊಂಡಿದೀನಿ. ಎಚ್‌ಒ ಅಂತಾರೆ ಇದಕ್ಕೆ, ನಿಜದ ರೈಲಿನ 87ರಲ್ಲಿ ಒಂದು ಪಾಲು, ಹಳಿ ನಡುವೆ 16.5 ಮಿಲಿಮೀಟರ್. ಲೆಕ್ಕ ಹಾಕಿದ್ರೆ ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಅದರ 87ನೇ ಪಾಲು 19ಕ್ಕಿಂತ ಸ್ವಲ್ಪ ಮೇಲೆ ಬರ್ಬೇಕು, ಸಿಗೋ ಹಳಿ ಫಾರಿನ್ನಿನ ಗೇಜಿಂದು, ಹಂಗಾಗಿ ನನ್ನ ಗಾಡಿ ಕಾಲು ಸ್ವಲ್ಪ ಒಳಗೆ ಎಳ್ಕೊಂಡು ನಿಂತ ಹಾಗೆ ಕಾಣ್ತದೆ. ಬೇರೆಯವ್ರಿಗೆ ಗೊತ್ತಾಗೋದಿಲ್ಲ, ನಂಗೆ ದಿನಾ ಗೊತ್ತಾಗ್ತದೆ. ನಮ್ಮನೆಯವಳು ‘ರೈಲು ನೋಡೂಕೆ ಸ್ಟೇಷನ್ನಿಗೇ ಹೋಗ್ಬಹುದಲ್ಲ, ಅಟ್ಟದಲ್ಲಿ ಅಡಿಕೆ ಇಡೂಕೆ ಜಾಗ ಇಲ್ಲ’ ಅಂತ ಹೇಳಿ ಹೇಳಿ ಈಗ ಸುಮ್ನಾಗಿದಾಳೆ. ಲೈನಿಗೆಲ್ಲ 2022ರಲ್ಲಿ ಕರೆಂಟ್ ಬಂತು, ನಮ್ಮ ಅಟ್ಟದಲ್ಲಿ ಇನ್ನೂ ಡೀಸೆಲ್ ಕಾಲ.

ಲೈಟ್ ಹಾಕೋ ವಿಷಯದಲ್ಲಿ ನಂಗೆ ಸೊಕ್ಕಿತ್ತು, ಟಿವಿ ರಿಪೇರಿ ಮಾಡಿದವನಿಗೆ ಎಲ್‌ಇಡಿ ಎಷ್ಟರದ್ದು ಅಂತ. ಲೆಕ್ಕ ಸುಲಭದ್ದೇ, 12 ವೋಲ್ಟ್ ಸಪ್ಲೈ, ಕೆಂಪು ಎಲ್‌ಇಡಿ ತಾನು 2 ವೋಲ್ಟ್ ಇಟ್ಕೊಳ್ತದೆ, ಉಳಿದ 10ನ್ನ ರೆಸಿಸ್ಟರ್ ನುಂಗ್ಬೇಕು, 1 ಕಿಲೋ ಓಮ್ ಹಾಕಿದ್ರೆ 10 ಮಿಲಿಆಂಪ್, ಬೇಕಾದಷ್ಟಾಯ್ತು. ಮೂರೂ ಬಣ್ಣಕ್ಕೆ ಅದೇ ಹಾಕ್ದೆ. ರಾತ್ರಿ ಲೈಟ್ ಆರಿಸಿ ನೋಡಿದ್ರೆ ಕೆಂಪು ಹದವಾಗಿದೆ, ಹಳದಿ ಮಂಕು, ಹಸಿರು ಮಾತ್ರ ಸಮುದ್ರದಲ್ಲಿ ಲೈಟ್ ಫಿಶಿಂಗ್ ಬೋಟ್ ನಿಂತ ಹಾಗೆ ಇಡೀ ಅಟ್ಟ ಬೆಳಗ್ತಾ ಇದೆ! ಈಗಿನ ಹಸಿರು ಎಲ್‌ಇಡಿ ಭಾರೀ ಜೋರು, ಅದರ ಮೇಲೆ ನಮ್ಮ ಕಣ್ಣಿಗೂ ಹಸಿರೇ ಹೆಚ್ಚು ಬೇಗ ತಾಗ್ತದೆ. ಕೊನೆಗೆ ಹಸಿರಿಗೆ 10 ಕಿಲೋ ಓಮ್ ಹಾಕಿ ಬಾಯಿ ಮುಚ್ಚಿಸ್ಬೇಕಾಯ್ತು. ಆಮೇಲೆ ಲೈಟು ಪ್ಲಾಸ್ಟಿಕ್ ಡಬ್ಬಿಯ ಬೆನ್ನಿಂದನೂ ಸೋರ್ತಾ ಇತ್ತು, ಹಿಂದೆ ಎರಡು ಕೋಟ್ ಕಪ್ಪು ಪೇಂಟ್ ಬಳಿದೆ. ಕಂಬಕ್ಕೆ ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಆಂಟೆನಾ ತುಂಡು, ಒಳಗೆ ಟೊಳ್ಳು, ಕೂದಲಿನಷ್ಟು ಸಪೂರದ ಎನಾಮಲ್ ವೈರ್ ನಾಲ್ಕು ಆರಾಮಾಗಿ ಇಳೀತದೆ. ಅಂಗಡಿ ಮುಚ್ಚುವಾಗ ಗುಜರಿಗೆ ಹಾಕದೇ ಉಳ್ಸಿದ್ದ ಒಂದು ಡಬ್ಬಿ ಆಂಟೆನಾ ಇತ್ತು ನನ್ನ ಹತ್ರ, ಅದಕ್ಕೆ ಆವತ್ತು ಬೈಸ್ಕೊಂಡಿದ್ದೆ.

ಬೋಗಿ ಒಳಗೂ ಲೈಟ್ ಹಾಕ್ದೆ. ಹಳಿಯಿಂದ ಗಾಲಿ ಮೂಲಕ ಕರೆಂಟ್ ತಗೊಳ್ಳೋದು, ಹಳಿ ಮೇಲೆ ಸ್ವಲ್ಪ ಕಸ ಇದ್ರೂ ಪಿಳಿಪಿಳಿ ಆಗ್ತದೆ, ನಮ್ಮ ಕರಾವಳಿ ಗಾಳಿಗೆ ಹಳಿ ಒಂದು ವಾರ ಸುಮ್ನೆ ಬಿಟ್ರೂ ಕಪ್ಪಾಗ್ತದೆ, ಮಳೆಗಾಲದಲ್ಲಂತೂ ಕೇಳ್ಬೇಡಿ. ಗಾಡಿ ಆ ಕಡೆ ಈ ಕಡೆ ಹೋದಾಗ ಪ್ಲಸ್ ಮೈನಸ್ ಅದಲುಬದಲು ಆಗ್ತದಲ್ಲ, ಅದಕ್ಕೆ ಒಂದು ಬ್ರಿಡ್ಜ್ (ಹೇಗೆ ಬಂದ್ರೂ ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ನಾಲ್ಕು ಡಯೋಡ್), ಅದರಾಚೆ ಸ್ವಲ್ಪ ಕರೆಂಟ್ ಹಿಡಿದಿಡೋ ಒಂದು 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ರೆ ಪಿಳಿಪಿಳಿ ನಿಲ್ತದೆ. ಗಾಡಿ ಪೂರ್ತಿ ನಿಂತ್ರೆ ಮಾತ್ರ ಲೈಟೂ ಹೋಗ್ತದೆ, ಹಳಿಯಲ್ಲೇ ಕರೆಂಟಿಲ್ಲ ಅಂದ್ರೆ ಎಲ್ಲಿಂದ ಬರ್ಬೇಕು. ಡಿಸಿಸಿ ಅಂತ ಡಿಜಿಟಲ್ ಪದ್ಧತಿ ಇದೆ, ಅದ್ರಲ್ಲಿ ಹಳಿಗೆ ಯಾವಾಗ್ಲೂ ಕರೆಂಟ್ ಇರ್ತದೆ, ದುಡ್ಡಿದ್ದವ್ರು ಮಾಡ್ಕೊಳ್ಳಿ.

ಸಿಗ್ನಲ್ ವಿಷಯ ಹೀಗಲ್ಲ. ಮೊದಲು ನಾನು ಮಾಡಿದ್ದೂ ಆ ಹುಡುಗ ಮಾಡಿದ ಹಾಗೇ, ವ್ಯತ್ಯಾಸ ಅಂದ್ರೆ ಅವಂದು ಐಸಿ, ನಂದು ಕೈಯಲ್ಲಿ ಹಾಕೋ ಸ್ವಿಚ್ಚು. ಬೇಸಿಗೆ ರಜೆಗೆ ಬೆಂಗಳೂರಿಂದ ಮೊಮ್ಮಗಳು ಬಂದವಳು ಕಂಟ್ರೋಲರ್ ಹಿಡ್ಕೊಂಡು ಗಾಡಿ ಓಡಿಸ್ತಾ ಇದ್ಲು, ನಾನು ಗತ್ತಲ್ಲಿ ಸ್ಟೇಷನ್ ಒಳಗೆ ಬರೋ ಮುಂಚಿನ ಹೋಮ್ ಸಿಗ್ನಲ್ಲಿಗೆ ಕೆಂಪು ಹಾಕ್ದೆ. ಗಾಡಿ ಕೆಂಪನ್ನ ದಾಟಿ ಸೀದಾ ಹೋಯ್ತು. ‘ಅಜ್ಜ, ಕೆಂಪಿದ್ರೂ ಹೋಯ್ತಲ್ಲ, ಮತ್ತೆ ಆ ಲೈಟ್ ಯಾಕೆ?’ ಅಂದ್ಲು. ಉತ್ತರ ಇರ್ಲಿಲ್ಲ.

ಅವಳು ವಾಪಸ್ ಹೋದ ಮೇಲೆ ಕೂತ್ಕೊಂಡು ಸಿಗ್ನಲ್ಲಿನ ಮುಂಚೆ ಎರಡು ಅಡಿ ಹಳಿಯನ್ನ ಒಂದು ಬದಿಗೆ ಎರಡೂ ತುದಿಯಲ್ಲಿ ಕೊಯ್ದು ಪ್ಲಾಸ್ಟಿಕ್ ಜಾಯಿನರ್ ಹಾಕಿ ಬೇರೆ ಮಾಡ್ದೆ, ಆ ತುಂಡಿಗೆ ಕರೆಂಟ್ ಒಂದು ರಿಲೇ (ತನ್ನ ಕಾಯಿಲಿಗೆ ಕರೆಂಟ್ ಬಂದ್ರೆ ಅಯಸ್ಕಾಂತದ ಹಾಗೆ ಎಳೆದು ಕಾಂಟ್ಯಾಕ್ಟ್ ಬದಲಾಯಿಸೋ ಸ್ವಿಚ್ಚು) ಮೂಲಕ ಹೋಗ್ಬೇಕು, ಅದೇ ರಿಲೇಯ ಇನ್ನೊಂದು ಕಾಂಟ್ಯಾಕ್ಟ್ ಲೈಟ್ ಬದಲಾಯಿಸ್ಬೇಕು, ಅಂದ್ರೆ ಲೈಟ್ ಕೆಂಪಾದ್ರೆ ಆ ಎರಡು ಅಡಿ ಹಳಿ ಸತ್ತುಹೋಗ್ತದೆ, ಗಾಡಿ ಅಲ್ಲೇ ನಿಲ್ತದೆ. ಚೆಂದ ಕೆಲಸ ಮಾಡ್ತು. ಆದ್ರೆ ಇಲ್ಲೇ ನಾನು ಬುದ್ಧಿವಂತಿಕೆ ಮಾಡಿದ್ದು. ಹಸಿರು ಹೆಚ್ಚು ಹೊತ್ತು ಇರ್ತದೆ, ಕೆಂಪು ಯಾವಾಗ್ಲೋ ಒಮ್ಮೆ, ಹಸಿರು ಇದ್ದಷ್ಟೂ ಹೊತ್ತು ರಿಲೇ ಕಾಯಿಲಿಗೆ ಕರೆಂಟ್ ಯಾಕೆ ದಂಡ ಅಂತ ಉಲ್ಟಾ ಜೋಡ್ಸಿದೆ, ರಿಲೇ ಎಳೆದ್ರೆ ಕೆಂಪು, ಬಿಟ್ರೆ ಹಸಿರು.

ಚೌತಿ ದಿನ. ಮನೆ ತುಂಬ ನೆಂಟರು, ಊಟ ಆದ ಮೇಲೆ ಮಕ್ಕಳೆಲ್ಲ ಅಟ್ಟ ಹತ್ತಿ ಕೂತಿದ್ವು, ದೊಡ್ಡವ್ರೂ ಏಣಿ ಮೇಲೆ ತಲೆ ಹಾಕ್ಕೊಂಡು. ಪ್ಲಾಟ್‌ಫಾರ್ಮಲ್ಲಿ ಗೂಡ್ಸ್ ನಿಲ್ಸಿದ್ದೆ. ಪ್ಯಾಸೆಂಜರ್ ಗಾಡಿ ಒಂದು ಸುತ್ತು ಹಾಕಿ ಬರೋಷ್ಟರಲ್ಲಿ ಸ್ವಿಚ್ ಕೆಂಪಿಗೆ ಹಾಕ್ದೆ, ಪ್ಯಾನಲ್ ಮೇಲಿನ ಪುಟ್ಟ ಲೈಟೂ ಕೆಂಪಾಯ್ತು, ‘ಈಗ ನೋಡಿ, ಡ್ರೈವರ್ ಇಲ್ದೇನೇ ನಿಲ್ತದೆ’ ಅಂತ ಭಾಷಣ ಬೇರೆ. ನಿಲ್ಲಲಿಲ್ಲ. ಕಂಬದ ಮೇಲೆ ಹಸಿರು ಹಾಗೇ ಉರೀತಾ ಇತ್ತು, ಗಾಡಿ ಬಂದ ಸ್ಪೀಡಲ್ಲೇ ಹೋಗಿ ಗೂಡ್ಸಿನ ಹಿಂದಿನ ಗಾರ್ಡ್ ಡಬ್ಬಿಗೆ ಗುದ್ದಿ, ಇಂಜಿನ್ ಮೇಜಿನ ಅಂಚಿಂದ ಕೆಳಗೆ, ಏಣಿ ಮೇಲೆ ನಿಂತಿದ್ದ ಭಾವನ ಕಾಲ ಹತ್ರ. ಮಕ್ಕಳಿಗೆ ಭಾರೀ ಖುಷಿ, ಇನ್ನೊಂದ್ಸಲ ಮಾಡಿ ಅಂತ ಗಲಾಟೆ.

ರಾತ್ರಿ ಎಲ್ಲ ಮಲಗಿದ ಮೇಲೆ ಮೇಜಿನ ಅಡಿಗೆ ಟಾರ್ಚ್ ಹಿಡ್ಕೊಂಡು ಹೊಕ್ಕೆ. ರಿಲೇ ಕಾಯಿಲಿನ ಕಾಲಿಗೆ ಬೆಸುಗೆ ಹಾಕಿದ ಜಾಗದಲ್ಲಿ ಹಸಿರು ಬಣ್ಣದ ಕಿಲುಬು ಹೂ ಅರಳಿದ ಹಾಗೆ ಕೂತಿತ್ತು, ಮುಟ್ಟಿದ್ರೆ ವೈರ್ ಕೈಗೇ ಬಂತು. ಬೆಸುಗೆ ಹಾಕಿ ಪೇಸ್ಟ್ ಒರೆಸಿರ್ಲಿಲ್ಲ, ಎರಡು ತಿಂಗಳ ಮಳೆಗಾಲದ ಉಪ್ಪು ಗಾಳಿ ಉಳಿದ ಕೆಲಸ ಮಾಡಿತ್ತು. ಕೆಲಸದ ಹುಡುಗ್ರಿಗೆ ಮೂವತ್ತು ವರ್ಷ ‘ಪೇಸ್ಟ್ ಒರೆಸ್ರೋ’ ಅಂತ ಹೇಳಿದವ ನಾನು. ಆದ್ರೆ ನಿಜವಾದ ತಪ್ಪು ಕಿಲುಬಿಂದಲ್ಲ. ವೈರ್ ಅಂದ್ಮೇಲೆ ಒಂದಲ್ಲ ಒಂದು ದಿನ ತುಂಡಾಗ್ತದೆ, ತುಂಡಾದಾಗ ನನ್ನ ಸಿಗ್ನಲ್ ‘ಬಾ, ದಾರಿ ಖಾಲಿ ಇದೆ’ ಅಂತ ಹೇಳೋ ಹಾಗೆ ಜೋಡಿಸಿದ್ದು ತಪ್ಪು.

ಇದನ್ನ ನಂಗೆ ಚಿಕ್ಕೋನಿದ್ದಾಗಲೇ ಹೇಳಿಕೊಟ್ಟವ್ರಿದ್ರು, ಅದೇ ಹೆಚ್ಚು ಚುಚ್ಚಿದ್ದು. ನಮ್ಮ ಸೋದರಮಾವ ಒಬ್ರು ಮೀಟರ್‌ಗೇಜ್ ಕಾಲದಲ್ಲಿ ಕ್ಯಾಸಲ್‌ರಾಕ್ ಸ್ಟೇಷನ್ನಲ್ಲಿ ಕೆಲಸಕ್ಕಿದ್ರು. ಸಂಜೆ ಆದ್ರೆ ಸೀಮೆಎಣ್ಣೆ ದೀಪ ಹಿಡ್ಕೊಂಡು ಕೈಮರದ (ಕಂಬದ ತುದಿಗೆ ಕೈ ಹಾಗೆ ಪಟ್ಟಿ ಇರೋ ಹಳೇ ಸಿಗ್ನಲ್) ಕಬ್ಬಿಣದ ಏಣಿ ಹತ್ತೋದು ಅವ್ರ ಕೆಲಸ. ಹಸಿರಿನ ಗಾಜು ಹತ್ರದಿಂದ ನೋಡಿದ್ರೆ ನೀಲಿ ಇರ್ತಿತ್ತಂತೆ, ಸೀಮೆಎಣ್ಣೆ ಉರಿ ಹಳದಿ, ಹಳದಿ ಬೆಳಕು ನೀಲಿ ಗಾಜು ದಾಟಿ ದೂರಕ್ಕೆ ಹಸಿರಾಗಿ ಕಾಣೋದು. (ನಾನು ಒಂದು ಕೈಮರಾನೂ ಮಾಡಿದೀನಿ, ಅದಕ್ಕೆ ಬಿಳಿ ಎಲ್‌ಇಡಿ ಹಾಕಿ ನೀಲಿಯೇ ಕಂಡು ತಲೆ ಕೆರ್ಕೊಂಡಿದ್ದೆ, ಹಳದಿ ಛಾಯೆಯ ವಾರ್ಮ್ ವೈಟ್ ಹಾಕಿದ ಮೇಲೆ ಸರಿ ಆಯ್ತು.) ಮಾವ ಹೇಳ್ತಿದ್ರು, ಕೈಮರಕ್ಕೆ ಕ್ಯಾಬಿನ್ನಿಂದ ತಂತಿ ಎಳ್ದಿರ್ತಾರೆ, ತಂತಿ ಹರಿದ್ರೆ ಕಂಬದ ಬುಡದ ತೂಕದ ಗುಂಡು ತಾನೇ ಕೆಳಗಿಳಿದು ಕೈಯನ್ನ ಅಡ್ಡ ಮಾಡ್ತದೆ, ಅಡ್ಡ ಅಂದ್ರೆ ನಿಲ್ಲು ಅಂತ ಅರ್ಥ. ಹರಿದ ತಂತಿ ಯಾವತ್ತೂ ಗಾಡಿ ಬಿಡೋದಿಲ್ಲ. ನಂಗೆ ಆವಾಗ ಆ ಏಣಿ ಹತ್ತೋದು ಮಾತ್ರ ತಲೆಲಿತ್ತು.

ಕರೆಂಟಿನ ಸಿಗ್ನಲ್ಲಿಗೂ ಇದೇ ಕಟ್ಟು. ಅಮೆರಿಕದ ವಿಲಿಯಂ ರಾಬಿನ್ಸನ್ ಅನ್ನೋರು 1872ರಲ್ಲಿ ಪೇಟೆಂಟ್ ತಗೊಂಡ ಟ್ರ್ಯಾಕ್ ಸರ್ಕ್ಯೂಟ್ ಎಷ್ಟು ಸರಳ ನೋಡಿ, ಹಳಿಯ ಒಂದು ತುದಿಗೆ ಬ್ಯಾಟರಿ, ಇನ್ನೊಂದು ತುದಿಗೆ ರಿಲೇ. ಹಳಿ ಖಾಲಿ ಇದ್ದಾಗ ಕರೆಂಟ್ ಹಳಿಯ ಮೇಲೇ ಹರಿದು ರಿಲೇನ ಹಿಡಿದಿಡ್ತದೆ, ಹಸಿರು. ಗಾಡಿ ಬಂದ್ರೆ ಕಬ್ಬಿಣದ ಗಾಲಿ-ಅಚ್ಚು ಎರಡು ಹಳಿಯನ್ನೂ ಸೇರಿಸಿ ಶಾರ್ಟ್ ಮಾಡ್ತದೆ, ರಿಲೇ ಬೀಳ್ತದೆ, ಕೆಂಪು. ಬ್ಯಾಟರಿ ಸತ್ರೂ ಕೆಂಪು, ವೈರ್ ಹರಿದ್ರೂ ಕೆಂಪು, ಹಳಿನೇ ತುಂಡಾದ್ರೂ ಸಾಧಾರಣವಾಗಿ ಕೆಂಪೇ. ಹಸಿರು ಬೇಕು ಅಂದ್ರೆ ಎಲ್ಲಾನೂ ಸರಿ ಇರ್ಬೇಕು. ನನ್ನ ಹಾಗೆ ಕರೆಂಟ್ ಉಳ್ಸೂಕೆ ಹೋಗ್ಲಿಲ್ಲ ಆ ಪುಣ್ಯಾತ್ಮ.

ಮಾರನೇ ದಿನ ಎಲ್ಲ ತಿರುಗಿಸಿ ಹಾಕ್ದೆ. ಈಗ ರಿಲೇ ಎಳೆದು ಹಿಡಿದಿದ್ರೆ ಮಾತ್ರ ಹಸಿರು ಮತ್ತು ಹಳಿಗೆ ಕರೆಂಟ್. ತೋಟದ ಪಂಪಿನ ಸ್ಟಾರ್ಟರ್ ಗೊತ್ತಲ್ಲ, ಹಸಿರು ಬಟನ್ ಒತ್ತಿದ್ರೆ ತನ್ನನ್ನ ತಾನೇ ಹಿಡ್ಕೊಳ್ತದೆ, ಕರೆಂಟ್ ಹೋಗಿ ಬಂದ್ರೆ ಬಿದ್ದೇ ಇರ್ತದೆ, ಮತ್ತೆ ಹೋಗಿ ಒತ್ತಬೇಕು. ಅದೇ ಕಟ್ಟು. ಸಿಗ್ನಲ್ ದಾಟಿ ಒಂದು ಅಡಿ ಆಚೆ ಒಂದು ಐಆರ್ ಸೆನ್ಸರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿಂದ ಗಾಡಿ ಬಂದದ್ದು ತಿಳಿಯೋದು) ಇಟ್ಟಿದೀನಿ, ಇಂಜಿನ್ ಅದರ ಮೇಲೆ ಹೋದ ಕೂಡಲೇ ಹಿಡಿತ ತಪ್ಪಿ ರಿಲೇ ಬೀಳ್ತದೆ, ಬೆನ್ನ ಹಿಂದೆ ಸಿಗ್ನಲ್ ಕೆಂಪಾಗ್ತದೆ. ಕುಮಟಾ ಸ್ಟೇಷನ್ನಿನ ಮೇಲ್ಸೇತುವೆ ಮೇಲೆ ನಿಂತು ನೋಡಿ, ಅಲ್ಲೂ ಇಂಜಿನ್ ದಾಟಿದ ಕೂಡಲೇ ಹಾಗೇ ಆಗ್ತದೆ, ನಂಗೆ ಅದು ಎಷ್ಟು ಸಲ ನೋಡಿದ್ರೂ ಸಾಕಾಗೋದಿಲ್ಲ.

ಈ ಸೆನ್ಸರಿಂದ ಒಂದು ತಮಾಷೆ ಆಯ್ತು. ದಿನಾ ಹನ್ನೊಂದು ಗಂಟೆ ಸುಮಾರಿಗೆ ಗಾಡಿ ಇಲ್ದೇನೇ ಸಿಗ್ನಲ್ ತಾನೇ ಕೆಂಪಾಗೋದು. ನಾಲ್ಕು ದಿನ ವೈರ್ ಎಲ್ಲ ಬಿಚ್ಚಿ ಹುಡುಕ್ದೆ. ಐದನೇ ದಿನ ಸುಮ್ನೆ ಕುರ್ಚಿ ಹಾಕ್ಕೊಂಡು ಕೂತೆ, ಆವಾಗ ಕಂಡಿತು, ಮಾಡಿಗೆ ಬೆಳಕಿಗೆ ಅಂತ ಹಾಕಿದ ಒಂದು ಗಾಜಿನ ಹಂಚಿದೆ, ಅದರಿಂದ ಇಳಿದ ಬಿಸಿಲು ಮೆಲ್ಲಗೆ ಗುಡ್ಡ ಹತ್ತಿ, ಪ್ಲಾಟ್‌ಫಾರ್ಮ್ ದಾಟಿ, ಹನ್ನೊಂದಕ್ಕೆ ಸರಿಯಾಗಿ ಸೆನ್ಸರಿನ ಕಣ್ಣಿಗೆ ಬೀಳ್ತದೆ. ಬಿಸಿಲಲ್ಲೂ ಐಆರ್ ಇರ್ತದಲ್ಲ, ಗಾಡಿ ಬಂತು ಅಂತ ಅದು ತಿಳ್ಕೊಳ್ತದೆ. ಒಂದು ಕಪ್ಪು ಸ್ಟ್ರಾ ತುಂಡು ಟೋಪಿ ಹಾಗೆ ಮಾಡಿ ಹಾಕ್ದೆ, ಮುಗೀತು. ಆದ್ರೆ ಆ ನಾಲ್ಕು ದಿನ ಆಗಿದ್ದಿಷ್ಟೇ, ಗಾಡಿ ಸುಮ್ಸುಮ್ನೆ ನಿಂತ್ಕೊಳ್ತಿತ್ತು, ಯಾರೂ ಮೇಜಿಂದ ಕೆಳಗೆ ಬೀಳ್ಲಿಲ್ಲ.

ಈಗ ಮೊಳೆ ವಿಷಯ. ಇದಕ್ಕೆ ಇಂಜಿನ್ ಬೇಡ, ಇಂಪೋರ್ಟೆಡ್ ಹಳಿ ಬೇಡ, ದೊಡ್ಡ ಖರ್ಚೂ ಇಲ್ಲ. ಒಂದು ಹಲಗೆ ಮೇಲೆ ಎರಡು ತಾಮ್ರದ ತಂತಿಯನ್ನ ಹಳಿ ಹಾಗೆ ಅಕ್ಕಪಕ್ಕ ಎಳೆದು ಕಟ್ಟಿ. ಒಂದು ತುದಿಗೆ ಮೂರು ಪೆನ್ಸಿಲ್ ಸೆಲ್ ಸಾಲಾಗಿ, 4.5 ವೋಲ್ಟ್, ಜೊತೆಗೆ 330 ಓಮಿನ ಒಂದು ರೆಸಿಸ್ಟರ್ (ಇದನ್ನ ಮರೀಬೇಡಿ, ಇಲ್ದಿದ್ರೆ ಸೆಲ್ ಬಿಸಿ ಆಗ್ತದೆ). ಇನ್ನೊಂದು ತುದಿಗೆ ಒಂದು ಹಸಿರು ಎಲ್‌ಇಡಿ. ಉರೀತದೆ. ಈಗ ಎರಡು ತಂತಿ ಮೇಲೆ ಒಂದು ಕಬ್ಬಿಣದ ಮೊಳೆ ಅಡ್ಡ ಇಡಿ, ಅದೇ ಗಾಡಿ. ಹಸಿರು ಆರ್ತದೆ. ಮೊಳೆ ಎಲ್ಲೇ ಇಟ್ರೂ ಆರ್ತದೆ, ತಂತಿಯ ಆ ಕಡೆ ಈ ಕಡೆ ಎಲ್ಲಾದ್ರೂ. ಮೊಳೆ ತೆಗೆದು ಒಂದು ತಂತಿ ಕತ್ತರಿಸಿ, ಆಗಲೂ ಆರ್ತದೆ. ಸೆಲ್ ತೆಗೀರಿ, ಆರ್ತದೆ. ಆಟದ ರೈಲಿನ ಗಾಲಿ ಇಟ್ರೆ ಆಗೋದಿಲ್ಲ ಮತ್ತೆ, ಅದಕ್ಕೆ ಶಾರ್ಟ್ ಆಗ್ಬಾರ್ದು ಅಂತ ಒಂದು ಬದಿ ಪ್ಲಾಸ್ಟಿಕ್ ಕೊಟ್ಟಿರ್ತಾರೆ, ಮೊಳೆನೇ ಸರಿ. ಹೈಸ್ಕೂಲ್ ಮಕ್ಕಳಿಗೆ ಒಂದು ಪೀರಿಯಡ್ಡಲ್ಲಿ ಮುಗಿಯೋ ಕೆಲಸ ಇದು. ಮೇಷ್ಟ್ರುಗಳು, ಬಹುಮಾನ ಕೊಡೂಕೆ ಬರೋರು, ಮುಂದಿನ ಸಲ ರೈಲಿನ ಮಾದರಿ ಕಂಡ್ರೆ ಲೈಟ್ ಎಷ್ಟಿದೆ ಅಂತ ಎಣಿಸೋದು ಬಿಟ್ಟು ಒಂದೇ ಪ್ರಶ್ನೆ ಕೇಳಿ, ವೈರ್ ತುಂಡಾದ್ರೆ ಯಾವ ಬಣ್ಣ? ನಿಮ್ಮ ಫೋಟೋಗ್ರಾಫರೂ ಕೇಳ್ಬಹುದು.

ಪತ್ರ ಇಲ್ಲಿಗೇ ನಿಲ್ಲಿಸ್ತಿದ್ದೆ, ಆದ್ರೆ ಮೊನ್ನೆ ಭಾನುವಾರ ಆ ಹುಡುಗ ಅವನ ಅಪ್ಪನ ಜೊತೆ ನಮ್ಮನೆಗೇ ಬಂದ, ವಸ್ತು ಪ್ರದರ್ಶನದಲ್ಲಿ ನಾನೇ ಕರ್ದಿದ್ದೆ. ಮೊಳೆ ಇಟ್ಟು ನೋಡ್ದ, ತಂತಿ ಕತ್ತರಿಸಿ ನೋಡ್ದ, ಮೇಜಿನ ಅಡಿಗೆ ಹೋಗಿ ರಿಲೇ ಎಲ್ಲ ನೋಡಿ ಹೊರಗೆ ಬಂದು ಕೇಳ್ದ, ‘ಅಜ್ಜ, ಕೆಂಪು ಲೈಟಿನ ವೈರೇ ತುಂಡಾದ್ರೆ?’

ನಾನು ಹೇಳ್ದೆ, ರೈಲ್ವೆಯಲ್ಲಿ ಅದಕ್ಕೂ ರೂಲ್ ಇದೆ, ಆರಿಹೋದ ಸಿಗ್ನಲ್ ಅಂದ್ರೆ ಡ್ರೈವರ್ ಅದನ್ನ ಕೆಂಪು ಅಂತಲೇ ತಿಳ್ದು ನಿಲ್ಲಿಸ್ಬೇಕು, ಅಷ್ಟೇ ಅಲ್ಲ, ದೀಪ ನಿಜವಾಗ್ಲೂ ಉರೀತಾ ಇದ್ಯೋ ಇಲ್ವೋ ಅಂತ ಆ ದೀಪಕ್ಕೆ ಹೋಗೋ ಕರೆಂಟನ್ನೇ ನೋಡ್ತಾ ಕೂರೋ ಬೇರೆ ರಿಲೇ ಇರ್ತದೆ ಅಂತ. ‘ನಿಮ್ಮದ್ರಲ್ಲಿ ಇದ್ಯಾ?’ ಅಂದ. ಅವನ ಅಪ್ಪ ‘ಏಯ್, ಸುಮ್ನಿರೋ’ ಅಂದ್ರು.

ನನ್ನದ್ರಲ್ಲಿ ಇಲ್ಲ. ಇನ್ನೂ ಎರಡು ರಿಲೇ ಬೇಕಾಗ್ತದೆ, ಹುಬ್ಬಳ್ಳಿಗೆ ಹೋಗೋರ ಹತ್ರ ಹೇಳಿ ಕಳ್ಸಿದೀನಿ.

ಇಂತಿ,
ನಿಮ್ಮ ಪೇಪರಿನ ಹಳೇ ಓದುಗ,
ಕುಮಟಾ